ಲೊಟ್ ನದಿಯ ಕಣಿವೆಯಲ್ಲಿ ಓಡುವುದಕ್ಕೆ ಯಾವ ದಾರಿಗಳು ಒಳ್ಳೆಯವು?

ನಿಧಾನಗತಿ:

ಕಚೇರಿಯ ಕೆಲಸದ ಮೇಲೆ ಬೆಂಗಳೂರಿನಿಂದ ಫ್ರಾನ್ಸಿನ ಟೂಲೂಸ್‌ಗೆ ಆರು ವಾರಗಳ ಮಟ್ಟಿಗೆ ಬಂದಿದ್ದೇನೆ. ಮೇ ತಿಂಗಳ ಮೂರನೆಯ ವಾರದಲ್ಲಿ ನಾಲ್ಕು ದಿನ ಬಿಡುವಿದ್ದು, ಉತ್ತರಕ್ಕಿರುವ ಲೊಟ್ ನದಿಯ ಕಣಿವೆಯಲ್ಲಿ, ಕಾಓರ್ ಊರಿನ ಆಸುಪಾಸಿನಲ್ಲಿ ಓಡುತ್ತ ಅದನ್ನು ಕಳೆಯಬೇಕೆಂದಿದ್ದೇನೆ. ನಾನು ವೇಗದ ಓಟಗಾರನಲ್ಲ. ವಾರಾಂತ್ಯಗಳಲ್ಲಿ ಕಬ್ಬನ್ ಪಾರ್ಕಿನಲ್ಲಿ 15 ಕಿ.ಮೀ. ಸುತ್ತುತ್ತೇನೆ, ಅಷ್ಟೇ. ಕಳೆದ ವರ್ಷ ಮೊಣಕಾಲು ಕೈಕೊಟ್ಟ ಮೇಲೆ ಉದ್ದದ ಇಳಿಜಾರುಗಳೆಂದರೆ ಸ್ವಲ್ಪ ಭಯ.

ನಕ್ಷೆಯನ್ನು ನೋಡಿದರೆ ಕಾಓರ್‌ನಿಂದ ಸ್ಯಾಂ-ಸಿರ್-ಲಪೊಪಿ ಎಂಬ ಹಳ್ಳಿಯ ತನಕ ಸುಮಾರು 30 ಕಿ.ಮೀ. ದೂರ ನದಿಯ ಮಗ್ಗುಲಲ್ಲೇ ರಸ್ತೆ ಸಾಗುವಂತೆ ಕಾಣುತ್ತದೆ. ಅದನ್ನೇ ಎರಡು ದಿನಕ್ಕೆ ಹಂಚಿಕೊಂಡು ಓಡಬಹುದೇ? ಕಾರು ಇಲ್ಲ, ರೈಲು, ಬಸ್ಸುಗಳನ್ನೇ ನಂಬಿದ್ದೇನೆ.

ಸುಣ್ಣಕಲ್ಲು:

ಆ ರಸ್ತೆಯಲ್ಲಿ ದಯವಿಟ್ಟು ಓಡಬೇಡಿ. ಟೂಲೂಸ್‌ನಲ್ಲಿ ನೆಲೆಸಿದ ಮೊದಲ ವರ್ಷ ನಾನೂ ನಿಮ್ಮಂತೆಯೇ ನಕ್ಷೆಯನ್ನು ನಂಬಿ ಹೊರಟು, ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆ, ಎದುರಿನಿಂದ ಮನೆಯಷ್ಟು ಅಗಲದ ಪ್ರವಾಸಿ ವ್ಯಾನು ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದೆ. ಈ ಕಣಿವೆಯ ಸ್ವಭಾವವೇ ಹಾಗೆ. ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ನದಿ ಹಾವಿನಂತೆ ಕೊರೆದುಕೊಂಡು ಹೋಗಿರುವುದರಿಂದ, ಪ್ರತಿ ತಿರುವಿನ ಒಳಮಗ್ಗುಲಲ್ಲಿ ಹೊಲ, ಆಕ್ರೋಟಿನ ತೋಟಗಳಿರುವ ಸಮತಟ್ಟು ನೆಲವೂ ಹೊರಮಗ್ಗುಲಲ್ಲಿ ನೇರವಾಗಿ ನೀರಿಗಿಳಿಯುವ ಕಡಿದಾದ ಬಂಡೆಯೂ ಸಿಗುತ್ತವೆ. ನೀರಿನ ಅಂಚನ್ನು ಬಿಡದೆ ಸಾಗುವ ಕಾಲುದಾರಿ ಇಲ್ಲಿಲ್ಲ. ಬಂಡೆ ಅಡ್ಡ ಬಂದಲ್ಲೆಲ್ಲ ದಾರಿ ಮೇಲಕ್ಕೇರುತ್ತದೆ. ಆದ್ದರಿಂದ ಇಲ್ಲಿ ಓಟವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕದೆ ಗಂಟೆಗಳಲ್ಲಿ ಲೆಕ್ಕ ಹಾಕುವುದು ಮೇಲು.

ಈ ನಿಯಮಕ್ಕೆ ಒಂದು ಅಪವಾದವಿದೆ. ನೀವು ಅಷ್ಟು ದೂರ ಹೋಗುವುದೇ ಅದಕ್ಕಾಗಿ ಎಂದುಕೊಳ್ಳಿ. ಬೂಝಿಯೆಸ್ ಎಂಬ ಚಿಕ್ಕ ಊರಿನಿಂದ ಸ್ಯಾಂ-ಸಿರ್-ಲಪೊಪಿಗೆ ಎಡದಂಡೆಯಲ್ಲಿ ಸುಮಾರು 4 ಕಿ.ಮೀ. ಉದ್ದದ ಹಳೆಯ ಎಳೆದಾರಿಯಿದೆ. ದ್ರಾಕ್ಷಾರಸದ ಪೀಪಾಯಿಗಳನ್ನು ಹೊತ್ತು ಬೋರ್ಡೋ ಕಡೆಗೆ ಹೊಳೆಯ ಸೆಳವಿನೊಂದಿಗೆ ಹೋದ ಚಪ್ಪಟೆ ತಳದ ದೋಣಿಗಳು ವಾಪಸು ಬರುವಾಗ ಪ್ರವಾಹಕ್ಕೆ ಎದುರಾಗಿ ಬರಬೇಕಿತ್ತು. ಅವನ್ನು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದರು. ದಡವೇ ಇಲ್ಲದಲ್ಲಿ ಏನು ಮಾಡುವುದು? 1840ರ ದಶಕದಲ್ಲಿ ಬಂಡೆಯ ಹೊಟ್ಟೆಯನ್ನೇ ಅರ್ಧ ಸುರಂಗದಂತೆ ಕಡಿದು ದಾರಿ ಮಾಡಿದರು. 1886ರಲ್ಲಿ ಕಾಓರ್‌ನಿಂದ ಕಾಪ್ದೆನಾಕ್‌ಗೆ ರೈಲು ಬಂದ ಮೇಲೆ ದೋಣಿ ಸಾಗಾಟ ನಿಂತುಹೋಯಿತು. ಈಗ ರೈಲೂ ಇಲ್ಲ. ಉಳಿದಿರುವುದು ಕಾಲುದಾರಿ ಮಾತ್ರ.

ಅದರೊಳಗೆ ಓಡುವಾಗ ತಲೆಯ ಮೇಲೆ ಕಲ್ಲಿನ ಸೂರು, ಎಡಕ್ಕೆ ಕೈಚಾಚಿದಷ್ಟು ದೂರದಲ್ಲಿ ಹಸಿರು ನೀರು. ಗೋಡೆಯ ಒಂದು ಭಾಗದಲ್ಲಿ ದಾನಿಯೆಲ್ ಮೊನಿಯೆ ಎಂಬ ಶಿಲ್ಪಿ ಮೀನು, ಶಂಖ, ಸುಳಿಗಳನ್ನು ಬಹಳ ಉದ್ದಕ್ಕೆ ಉಬ್ಬುಚಿತ್ರವಾಗಿ ಕೆತ್ತಿದ್ದಾರೆ. ಅದನ್ನೇ ನೋಡುತ್ತ ಓಡಿ ಭುಜವನ್ನು ಬಂಡೆಗೆ ಉಜ್ಜಿಕೊಂಡವನು ನಾನು, ಹಾಗಾಗಿ ಅಲ್ಲಿ ನಡೆಯಿರಿ ಎಂದು ಹೇಳುವ ಅಧಿಕಾರ ನನಗಿದೆ. ಮಳೆ ಬಂದ ಮರುದಿನ ಆ ಕಲ್ಲು ಸಾಬೂನಿನಂತೆ ಜಾರುತ್ತದೆ. ಕಲ್ಲು ಉದುರುವ ಅಪಾಯವಿದ್ದಾಗ ದಾರಿಯನ್ನು ಮುಚ್ಚುವುದೂ ಉಂಟು. ಹೊರಡುವ ಮೊದಲು ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಈ ದಾರಿ ಜಿ.ಆರ್. 36 ಎಂಬ ದೂರದ ಕಾಲುದಾರಿಯ ಭಾಗವಾದ್ದರಿಂದ ಬಿಳಿ–ಕೆಂಪು ಪಟ್ಟಿಗಳನ್ನು ಹಿಡಿದು ಹೋದರೆ ಸಾಕು. ಅದೇ ಬಣ್ಣಗಳಲ್ಲಿ ಗುಣಾಕಾರದ ಚಿಹ್ನೆ ಕಂಡರೆ ನೀವು ದಾರಿ ತಪ್ಪಿದ್ದೀರಿ ಎಂದರ್ಥ.

ಕೊನೆಯಲ್ಲಿ ಹಳ್ಳಿಗೆ ಏರುವುದು ಕಡಿದಾಗಿದೆ. ಹಳ್ಳಿ ನದಿಯಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಬಂಡೆಯ ತುದಿಗೆ ಅಂಟಿಕೊಂಡಿದೆ. ಮೊಣಕಾಲಿಗೆ ಬೇಡವೆನ್ನಿಸಿದರೆ ಏರು ಶುರುವಾಗುವಲ್ಲಿಂದಲೇ ತಿರುಗಿ ಬಂದರೂ ನಷ್ಟವೇನಿಲ್ಲ.

ಹೊಳೆದಂಡೆ:

ಸುಣ್ಣಕಲ್ಲು ಅವರ ಮಾತನ್ನು ಕಾಓರ್‌ನ ಮೇಲ್ಭಾಗದ ಕಣಿವೆಗೆ ಮಾತ್ರ ಒಪ್ಪುತ್ತೇನೆ. ಕಾಓರ್ ದಾಟಿ ಪಶ್ಚಿಮಕ್ಕೆ ಹೋದರೆ ಕಣಿವೆ ಅಗಲವಾಗುತ್ತದೆ, ದ್ರಾಕ್ಷಿತೋಟಗಳು ಶುರುವಾಗುತ್ತವೆ. ಇಲ್ಲಿ ಬೆಳೆಯುವುದು ಹೆಚ್ಚಾಗಿ ಮಾಲ್ಬೆಕ್ ಎಂಬ ಕಪ್ಪು ದ್ರಾಕ್ಷಿ. ಲುಝೆಕ್ ಊರಿನ ಬಳಿ ನದಿ ಐದು ಕಿಲೋಮೀಟರಿನಷ್ಟು ಸುತ್ತು ಹಾಕಿ, ಹೊರಟ ಜಾಗಕ್ಕೆ ಸುಮಾರು 100 ಮೀಟರ್ ಹತ್ತಿರಕ್ಕೆ ಮರಳುತ್ತದೆ. ಆ ಕುಣಿಕೆಯ ಒಳಗಿನ ನೆಲ ಬಹುತೇಕ ಸಮತಟ್ಟು. ತುದಿಯಲ್ಲಿ, ದ್ರಾಕ್ಷಿಸಾಲುಗಳ ಪಕ್ಕದಲ್ಲಿ ನೋತ್ರ್-ದಾಮ್-ದ-ಲೀಲ್ ಎಂಬ ಪುಟ್ಟ ಪ್ರಾರ್ಥನಾಮಂದಿರವಿದೆ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾಓರ್‌ನಿಂದ ಕೆಳಗೆ ಎಗ್ವಿಯೋಂವರೆಗೆ ಸುಮಾರು 160 ಕಿ.ಮೀ. ಉದ್ದದ ಸೈಕಲ್ ಮಾರ್ಗವನ್ನೂ ಗುರುತಿಸಿದ್ದಾರೆ. ಅದು ಹೆಚ್ಚಾಗಿ ವಾಹನ ವಿರಳವಾದ ಹಳ್ಳಿ ರಸ್ತೆಗಳಲ್ಲೇ ಹೋಗುವುದರಿಂದ ಓಟಕ್ಕೂ ಅನುಕೂಲ.

ಮುಂಜಾನೆಬಸ್ಸು:

ಕಾರಿಲ್ಲದವರಿಗೆ ಕೆಲವು ಮಾತು. ಟೂಲೂಸ್‌ನಿಂದ ಕಾಓರ್‌ಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು ಹಿಡಿಯುತ್ತದೆ. ಅಲ್ಲಿಂದ ಫಿಜಾಕ್ ಕಡೆಗೆ ಹೋಗುವ ಪ್ರಾದೇಶಿಕ ಬಸ್ಸು ಕಣಿವೆಯುದ್ದಕ್ಕೂ ಸಾಗುತ್ತದೆ, ಆದರೆ ದಿನಕ್ಕೆ ಕೆಲವೇ ಸರದಿ. ಮೇ ತಿಂಗಳಲ್ಲಿ ಸರ್ಕಾರಿ ರಜೆಗಳು ಸಾಲಾಗಿ ಬರುವುದರಿಂದ ವಾರದ ನಡುವಿನ ದಿನದಲ್ಲೂ ಭಾನುವಾರದ ವೇಳಾಪಟ್ಟಿ ಜಾರಿಯಲ್ಲಿರಬಹುದು. ಸ್ಯಾಂ-ಸಿರ್-ಲಪೊಪಿಗೆ ಇಳಿಯುವ ನಿಲ್ದಾಣ ನದಿಯ ಆಚೆ ದಡದ ತೂರ್-ದ-ಫೋರ್‌ನಲ್ಲಿದೆ. ಸೇತುವೆ ದಾಟಿ ಹತ್ತಬೇಕು.

ಇನ್ನೊಂದು ಗೊಂದಲ: ಕಾಓರ್ ಊರಿನ ಎದುರಿಗೇ ನಿಂತಿರುವ 264 ಮೀಟರ್ ಎತ್ತರದ ಗುಡ್ಡದ ಹೆಸರು ಮೋಂ ಸ್ಯಾಂ-ಸಿರ್. ಬರೆಯುವಾಗ ಕಾಗುಣಿತ ಬೇರೆಯಾದರೂ ಕಿವಿಗೆ ಎರಡೂ ಒಂದೇ. ವಸತಿಗೃಹದಲ್ಲಿ ನಾನು “ಸ್ಯಾಂ-ಸಿರ್‌ಗೆ ಓಡಿಕೊಂಡು ಹೋಗುತ್ತೇನೆ” ಎಂದಾಗ ಯಜಮಾನತಿ ಅರ್ಧ ಗಂಟೆ ಸಾಕೆಂದು ಹೇಳಿದ್ದು ಈ ಗುಡ್ಡದ ಬಗ್ಗೆ. ಏರು ಚುರುಕಾಗಿದ್ದರೂ ಚಿಕ್ಕದು. ಮೇಲಿನಿಂದ ಕಾಓರ್ ಪಟ್ಟಣವನ್ನು ನದಿ ಮೂರು ಕಡೆಯಿಂದ ತಬ್ಬಿಕೊಂಡಿರುವುದು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸಂಜೆಗೆ ಅದನ್ನಿಟ್ಟುಕೊಳ್ಳಿ, ಮರಳುವಾಗ ಮೂರು ಗೋಪುರಗಳ ವಾಲಾಂತ್ರೆ ಸೇತುವೆಯ ಮೇಲೆ ಹಾದುಬನ್ನಿ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಪ್ರಸ್ಥಭೂಮಿಗೆ ಹತ್ತುವುದಾದರೆ ನೀರನ್ನು ಬೆನ್ನಿಗೇ ಕಟ್ಟಿಕೊಳ್ಳಿ. ಸುಣ್ಣಕಲ್ಲು ಮಳೆನೀರನ್ನೆಲ್ಲ ಕುಡಿದುಬಿಡುವುದರಿಂದ ಮೇಲೆ ತೊರೆಯಾಗಲಿ ಕೆರೆಯಾಗಲಿ ಕಾಣಿಸುವುದು ಅಪರೂಪ. ಕುಳ್ಳ ಓಕ್ ಮರಗಳು, ಗಾರೆಯಿಲ್ಲದ ಕಲ್ಲುಗೋಡೆಗಳು, ಕಣ್ಣಿಗೆ ಕಾಡಿಗೆ ಹಚ್ಚಿದಂತಿರುವ ಬಿಳಿ ಕುರಿಗಳು, ಇಷ್ಟೇ. ಒಮ್ಮೆ ನಡುಮಧ್ಯಾಹ್ನ ಬಾಟಲಿ ಖಾಲಿಯಾಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಾಗ ನನ್ನನ್ನು ಉಳಿಸಿದ್ದು ಒಂದು ಹಳ್ಳಿಯ ಸ್ಮಶಾನದ ನಲ್ಲಿ. ಇಲ್ಲಿನ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇಟ್ಟಿರುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದೆಯೇ ಎಂದು ನೋಡಿಕೊಂಡು ತುಂಬಿಸಿಕೊಳ್ಳಬೇಕು.

ನಿಧಾನಗತಿ:

ಎಲ್ಲರಿಗೂ ಧನ್ಯವಾದಗಳು. ರಸ್ತೆಯ ಯೋಚನೆಯನ್ನು ಕೈಬಿಟ್ಟೆ. ಮೊದಲ ಸಂಜೆ ಮೋಂ ಸ್ಯಾಂ-ಸಿರ್, ಎರಡನೆಯ ದಿನ ಲುಝೆಕ್‌ನಲ್ಲಿ ಎರಡು ಸುತ್ತು, ಮೂರನೆಯ ದಿನ ಬೂಝಿಯೆಸ್‌ನಲ್ಲಿ ಇಳಿದು ಎಳೆದಾರಿ ಎಂದು ಇಟ್ಟುಕೊಂಡಿದ್ದೇನೆ. ನಾಲ್ಕನೆಯ ದಿನ ಅಲ್ಲೇ ಹತ್ತಿರದ ಪೆಶ್ ಮೆರ್ಲ್ ಗುಹೆಗೆ ಓಡಿಕೊಂಡು ಹೋಗಬಹುದೇ?

ಸುಣ್ಣಕಲ್ಲು:

ಹೋಗಬಹುದು. ಬೂಝಿಯೆಸ್ ಬಳಿ ಲೊಟ್ ನದಿಯನ್ನು ಸೇರುವ ಸೇಲೆ ಎಂಬ ಚಿಕ್ಕ ಹೊಳೆಯ ಕಣಿವೆಯಲ್ಲಿ ಕೆಲವು ಕಿಲೋಮೀಟರ್ ಒಳಗೆ ಕಬ್ರೆರೆ ಊರಿದೆ, ಜಿ.ಆರ್. 651 ದಾರಿ ಎರಡೂ ಊರುಗಳನ್ನು ಕೂಡಿಸುತ್ತದೆ. ಗುಹೆ ಇರುವುದು ಕಬ್ರೆರೆಯ ಮೇಲಿನ ಗುಡ್ಡದಲ್ಲಿ. 1922ರಲ್ಲಿ ಇಬ್ಬರು ಹುಡುಗರು ಕಂಡುಹಿಡಿದ ಅದರಲ್ಲಿ ಸುಮಾರು 29,000 ವರ್ಷಗಳ ಹಿಂದಿನ ಚುಕ್ಕೆ ಕುದುರೆಗಳ ಚಿತ್ರವಿದೆ, ಅದೂ ಪ್ರತಿಕೃತಿಯಲ್ಲ, ಮೂಲ ಚಿತ್ರವೇ. ದಿನಕ್ಕೆ ಇಂತಿಷ್ಟೇ ಜನರನ್ನು ಬಿಡುವುದರಿಂದ ಮೊದಲೇ ಟಿಕೆಟ್ ಕಾದಿರಿಸಿ. ಒಳಗೆ ಚಳಿ, ಬೆವರಿದ ಅಂಗಿಯಲ್ಲಿ ಒಂದು ಗಂಟೆ ನಿಂತರೆ ನಡುಕ ಬರುತ್ತದೆ, ಒಣ ಅಂಗಿಯೊಂದನ್ನು ಚೀಲದಲ್ಲಿಟ್ಟುಕೊಳ್ಳಿ.