ಪ್ಲೇಟೋನ ದೇವರನ್ನೇ ಕ್ರೈಸ್ತರು ತಗೊಂಡರಾ?

ಶಿರಾಗೇಟ್_ಓದುಗ (ತುಮಕೂರು):
ವಸಂತನರಸಾಪುರದಲ್ಲಿ ಕೆಲಸ. ರಾತ್ರಿ ಪಾಳಿ ಇಲ್ಲದ ದಿನ ತತ್ವಶಾಸ್ತ್ರ ಓದುತ್ತೇನೆ, ಈಗ ಗ್ರೀಕರ ಸರದಿ. ಊಟದ ಹೊತ್ತಲ್ಲಿ ನಮ್ಮ ಲೈನಿನ ಕ್ರೈಸ್ತ ಗೆಳೆಯನಿಗೆ, "ನಿಮ್ಮ ದೇವರ ಬಗ್ಗೆ ಪ್ಲೇಟೋ ಮೊದಲೇ ಹೇಳಿಬಿಟ್ಟಿದ್ದಾನಲ್ಲ" ಅಂದೆ. ಅವನು ಡಬ್ಬಿ ಮುಚ್ಚುತ್ತಾ, "ಹಾಗಾದ್ರೆ ಪ್ಲೇಟೋ ದೇವರಿಗೆ ಪ್ರಾರ್ಥನೆ ಮಾಡಿದ್ರೆ ಕೇಳಿಸುತ್ತಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಕಣ್ಣಿಗೆ ಕಾಣದ, ಬದಲಾಗದ, ಒಳಿತಿಗೆಲ್ಲ ಮೂಲವಾದದ್ದು ಎರಡೂ ಕಡೆ ಇದೆ ಅಲ್ವಾ? ವ್ಯತ್ಯಾಸ ಎಲ್ಲಿದೆ?

ಅಂತರಗಂಗೆ_ಟೀಚರ್ (ಕೋಲಾರ):
ನಿಮ್ಮ ಗೆಳೆಯ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಗ್ರೀಕರಿಂದ ಸಾಲ ತಂದದ್ದು ನಿಜ. ಆದರೆ ಎಲ್ಲಿ ಬೇಡ ಅಂದರು ಅನ್ನೋದನ್ನ ನೋಡಿ.

ಪ್ಲೇಟೋನ 'ಟಿಮೇಯಸ್' ಪುಸ್ತಕದಲ್ಲಿ ದೇವರು ಕುಂಬಾರನ ಹಾಗೆ. ಮಣ್ಣು ಮೊದಲೇ ಇದೆ, ಮಾದರಿಯೂ ಮೊದಲೇ ಇದೆ. ಮಾದರಿ ನೋಡಿಕೊಂಡು ಚೆಲ್ಲಾಪಿಲ್ಲಿ ಇದ್ದದ್ದನ್ನು ಅಚ್ಚುಕಟ್ಟು ಮಾಡುತ್ತಾನೆ, ಅಷ್ಟೆ. ಮೊದಮೊದಲು ಕ್ರೈಸ್ತರಲ್ಲೂ ಇದಕ್ಕೆ ಜಾಸ್ತಿ ತಕರಾರು ಇರಲಿಲ್ಲ. ಸುಮಾರು 165ರಲ್ಲಿ ರೋಮಿನಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ ಕ್ರೈಸ್ತ ಚಿಂತಕ ಜಸ್ಟಿನ್, ಆಕಾರವಿಲ್ಲದ ದ್ರವ್ಯದಿಂದ ದೇವರು ಲೋಕ ಮಾಡಿದ ಅಂತಲೇ ಬರೆದ. ಪ್ಲೇಟೋ ಇದನ್ನು ಬೈಬಲಿನ ಪ್ರವಾದಿ ಮೋಶೆಯಿಂದ ಕಲಿತ ಅಂತ ಅವನ ವಾದ! ಕೆಲವೇ ವರ್ಷಗಳಲ್ಲಿ ಅಂತಿಯೋಕ್ಯ ಪಟ್ಟಣದ ಬಿಷಪ್ ಥಿಯೋಫಿಲಸ್ ಎದ್ದು ನಿಂತ. ದ್ರವ್ಯಕ್ಕೂ ಹುಟ್ಟಿಲ್ಲ ಅಂದರೆ ಅದೂ ದೇವರಿಗೆ ಸಮ ಆಯ್ತಲ್ಲ? ಇನ್ನೊಬ್ಬರಿಂದ ಸಾಮಾನು ತಂದು ಮಾಡೋದಕ್ಕೆ ಮನುಷ್ಯನೂ ಸಾಕಲ್ಲ? ಹೀಗೆ ಕೇಳಿದ. ಏನೂ ಇಲ್ಲದಲ್ಲಿಂದ ಸೃಷ್ಟಿ ಅನ್ನೋ ಮಾತು ಗಟ್ಟಿಯಾಗಿದ್ದು ಇಂಥ ವಾದಗಳಿಂದ. ಅಂದರೆ ಈ ಲೋಕ ಇರಲೇಬೇಕು ಅಂತೇನಿಲ್ಲ. ದೇವರು ಇರಲಿ ಅಂದ, ಅದಕ್ಕೇ ಇದೆ. ಇಡೀ ವಿಷಯದ ತಿರುಳು ಇದೇ ಅಂತ ನನಗನ್ನಿಸುತ್ತೆ.

ಅರಿಸ್ಟಾಟಲ್‌ನ ದೇವರಂತೂ ತನ್ನನ್ನೇ ತಾನು ಚಿಂತಿಸುತ್ತಾನೆ. ಅವನ ಸೆಳೆತಕ್ಕೆ ಲೋಕ ಚಲಿಸುತ್ತದೆ, ಅವನು ಇತ್ತ ತಿರುಗಿಯೂ ನೋಡಲ್ಲ. ಅಂಥವನಿಗೆ ಪ್ರಾರ್ಥನೆ ಹೇಗೆ ಮಾಡ್ತೀರಿ?

ನಂದಿತಪ್ಪಲು (ಚಿಕ್ಕಬಳ್ಳಾಪುರ):
ಟೀಚರ್, ಪ್ಲೇಟೋನ ಹಾದಿಯಲ್ಲೇ ನಡೆದ ಪ್ಲೋಟಿನಸ್‌ನನ್ನು ಬಿಟ್ಟೇಬಿಟ್ಟಿರಲ್ಲ! ಅವನಲ್ಲಿ ಮಣ್ಣು ಹೊರಗಿನಿಂದ ಬರೋದೇ ಇಲ್ಲ, ಎಲ್ಲವೂ ಮೂಲವಾದ ಆ 'ಒಂದ'ರಿಂದಲೇ ಹೊಮ್ಮುತ್ತೆ. ಓದುವಾಗ ನಮ್ಮ ವೇದಾಂತವೇ ನೆನಪಾಗುತ್ತೆ. ಕ್ರೈಸ್ತ ಚಿಂತಕ ಅಗಸ್ಟೀನ್ ತಗೊಂಡಿದ್ದೂ ಇದನ್ನೇ ಅಲ್ವಾ?

ಅಂತರಗಂಗೆ_ಟೀಚರ್:
ತಗೊಂಡ ಸರ್, ಆದರೆ ಪೂರ್ತಿ ಅಲ್ಲ. ಪ್ಲೋಟಿನಸ್ ತೀರಿಕೊಂಡಿದ್ದು 270ರಲ್ಲಿ. ಅವನ 'ಒಂದ'ರಿಂದ ಬುದ್ಧಿ, ಬುದ್ಧಿಯಿಂದ ಆತ್ಮ, ಹೀಗೆ ಹಂತಹಂತವಾಗಿ ಇಳಿಯುತ್ತೆ. ಕ್ರೈಸ್ತರಲ್ಲೂ ಅರಿಯಸ್ ಎಂಬುವನು, ದೇವರ ಮಗನಾದ ಯೇಸುವೂ ಸೃಷ್ಟಿಯಾದವನೇ, ತಂದೆಯಾದ ದೇವರಿಗಿಂತ ಕೆಳಗಿನವನು ಅಂದ. 325ರಲ್ಲಿ ನಿಕೇಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಇದನ್ನು ಒಪ್ಪಲಿಲ್ಲ. ಸೃಷ್ಟಿಸಿದವನು, ಸೃಷ್ಟಿಯಾದದ್ದು, ಈ ಎರಡರ ಮಧ್ಯೆ ಅರ್ಧ ದೇವರಿಗೆ ಜಾಗವಿಲ್ಲ ಅಂತಾಯ್ತು.

ಅಗಸ್ಟೀನ್ 386ರ ಸುಮಾರಿಗೆ ಮಿಲಾನಿನಲ್ಲಿ ಪ್ಲೇಟೋ ಪಂಥದವರ ಪುಸ್ತಕ ಓದಿದ. ಅಲ್ಲಿಯವರೆಗೆ ದೇವರೂ ಎಲ್ಲ ಕಡೆ ಹರಡಿರೋ ಒಂದು ವಸ್ತು ಅಂತಲೇ ಅವನ ಕಲ್ಪನೆ. ಆ ಓದು ಕಣ್ಣು ತೆರೆಸಿತು. ತನ್ನ 'ತಪ್ಪೊಪ್ಪಿಗೆಗಳು' ಪುಸ್ತಕದ 7ನೇ ಭಾಗದಲ್ಲಿ ಪೂರ್ತಿ ಲೆಕ್ಕ ಒಪ್ಪಿಸುತ್ತಾನೆ. ಬೈಬಲಿನ ಯೋಹಾನನ ಸುವಾರ್ತೆ ಹೇಳೋ ಹಾಗೆ, ಆದಿಯಲ್ಲಿ ವಾಕ್ಯ, ಅಂದರೆ ದೇವರ ಮಾತು, ಇತ್ತು ಅನ್ನೋದು ಪ್ಲೇಟೋ ಪಂಥದವರ ಆ ಪುಸ್ತಕಗಳಲ್ಲಿ ಸಿಕ್ಕಿತು. ಆ ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ಬಾಳಿತು ಅನ್ನೋದು ಸಿಗಲಿಲ್ಲ. ಇದು ಅವನದೇ ಮಾತು. ವೇದಾಂತದ ಜೊತೆ ಹೋಲಿಸಿ, ಖಂಡಿತ ಹೋಲಿಸಿ. ಹೋಲಿಕೆ ಕಂಡ ತಕ್ಷಣ ಎರಡೂ ಒಂದೇ ಅಂದುಬಿಟ್ಟರೆ ಎರಡನ್ನೂ ಓದಿದ ಹಾಗಾಗಲ್ಲ.

ಶಿರಾಗೇಟ್_ಓದುಗ:
ತುಂಬಾ ಥ್ಯಾಂಕ್ಸ್ ಟೀಚರ್. ಇನ್ನೊಂದು ಅನುಮಾನ. ಕೆಡುಕು ಅನ್ನೋದು ಒಳಿತಿನ ಕೊರತೆ ಮಾತ್ರ ಅಂತ ಅಗಸ್ಟೀನ್ ಹೇಳ್ತಾನಲ್ಲ. ನೋವು ತಿಂದವನಿಗೆ ಹಾಗಂದರೆ ಒಪ್ಪುತ್ತಾನಾ?

ಅಂತರಗಂಗೆ_ಟೀಚರ್:
ಕೊರತೆ ಅಂದರೆ ಸುಳ್ಳು ಅಂತಲ್ಲ. ಗಾಯ, ಕಾಯಿಲೆ ಅಂದರೆ ಆರೋಗ್ಯ ಇಲ್ಲದಿರೋದು, ಅದೇನು ಬೇರೆ ಪದಾರ್ಥವಲ್ಲ ಅಂತಾನೆ. ಹುಡುಗನಾಗಿದ್ದಾಗ ಮಾನಿ ಎಂಬ ಪ್ರವಾದಿಯ ಪಂಥ ಸೇರಿ, ಒಳ್ಳೆಯ ಶಕ್ತಿ ಒಂದು, ಕೆಟ್ಟ ಶಕ್ತಿ ಇನ್ನೊಂದು ಅಂತ ನಂಬಿದ್ದವನು. ಅದರಿಂದ ಹೊರಬರೋದಕ್ಕೆ ಈ ವಾದ ಬೇಕಿತ್ತು. ನೋವಲ್ಲಿರೋರಿಗೆ ಸಮಾಧಾನ ಹೇಳೋ ಮಾತು ಇದಲ್ಲ, ನಾನಂತೂ ಅವರ ಮುಂದೆ ಇದನ್ನ ಎತ್ತಲ್ಲ. 'ಟಿಮೇಯಸ್'ನಲ್ಲಿ ಅಂಚಿನ ಸಂಖ್ಯೆ 28ರಿಂದ 30ರವರೆಗೆ ಓದಿ. ಆಮೇಲೆ ಅಗಸ್ಟೀನ್‌ನ 'ತಪ್ಪೊಪ್ಪಿಗೆಗಳು' 7ನೇ ಭಾಗ ಹಿಡೀರಿ.