ರಸ್ತೆ ಇಷ್ಟು ಅಗಲ ಇದ್ದರೂ ವೇಗದ ಮಿತಿ 100 ಯಾಕೆ?

ಪ್ರಶ್ನೆ: ಸರ್, ನಾನು ಪ್ರತಿ ವಾರ ಮೈಸೂರಿಂದ ಬೆಂಗಳೂರಿಗೆ ಕಾರಲ್ಲಿ ಬರುತ್ತೇನೆ. 6 ಪಥದ ರಸ್ತೆ, ಮಧ್ಯೆ ಡಿವೈಡರ್, ಮಂಡ್ಯ ಮದ್ದೂರು ಎಲ್ಲ ಬೈಪಾಸ್. ಟೋಲ್ ಬೇರೆ ಕಟ್ಟುತ್ತೇವೆ. ಆದರೂ ಗಂಟೆಗೆ 112 ಕಿ.ಮೀ. ವೇಗದಲ್ಲಿ ಹೋಗಿದ್ದಕ್ಕೆ ದಂಡದ ಮೆಸೇಜ್ ಬಂತು. ಎಕ್ಸ್‌ಪ್ರೆಸ್‌ವೇನಲ್ಲಿ 120 ಅಲ್ವಾ?

ಉತ್ತರ (ರಸ್ತೆ ಸುರಕ್ಷತಾ ಎಂಜಿನಿಯರ್): ಎಲ್ಲರೂ ಎಕ್ಸ್‌ಪ್ರೆಸ್‌ವೇ ಅನ್ನುತ್ತಾರೆ, ಆದರೆ ಇದು ರಾಷ್ಟ್ರೀಯ ಹೆದ್ದಾರಿ 275. ಇಲ್ಲಿ ಕಾರಿಗೆ ಮಿತಿ 100. ಕಾನೂನು ಹಾಗಿರಲಿ, ನಾನು ಹೇಳಬೇಕಾಗಿರುವುದು ಬ್ರೇಕ್ ವಿಷಯ. 100ರಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದೆ ಏನೋ ಅಡ್ಡ ಬಂತು ಅಂತ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಸುಮಾರು 40 ಮೀಟರ್ ಮುಗಿದಿರುತ್ತದೆ, ಆಮೇಲೆ ಒಣ ರಸ್ತೆ, ಒಳ್ಳೆ ಟೈರ್ ಇದ್ದರೂ ನಿಲ್ಲೋಕೆ ಇನ್ನೊಂದು 55 ಮೀಟರ್ ಬೇಕು. ಈಗ ಪಕ್ಕದಲ್ಲೇ 130ರಲ್ಲಿ ಬಂದವನನ್ನು ನೋಡಿ. ಅವನೂ ಅದೇ ಕ್ಷಣ ಬ್ರೇಕ್ ಒತ್ತುತ್ತಾನೆ. ನಿಮ್ಮ ಕಾರು ಪೂರ್ತಿ ನಿಂತ ಜಾಗದಲ್ಲಿ ಅವನ ಕಾರು ಇನ್ನೂ 90ಕ್ಕಿಂತ ಜಾಸ್ತಿ ವೇಗದಲ್ಲಿರುತ್ತದೆ. ನೀವು ಬದುಕುತ್ತೀರಿ, ಅವನು ಗುದ್ದುತ್ತಾನೆ. ರಾಜ್ಯದಲ್ಲಿ 130 ದಾಟಿದವರ ಮೇಲೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಹಾಕೋಕೆ ಶುರು ಮಾಡಿದ್ದು ಸುಮ್ನೆ ಅಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಮದ್ದೂರು ಕಡೆ ಹಳ್ಳಿ. ಮನೆ ಈ ಕಡೆ, ಗದ್ದೆ ಆ ಕಡೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರಬಾರದು ಅಂದರು. ನಮ್ಮಪ್ಪ ಈಗ ಟಿವಿಎಸ್‌ನಲ್ಲಿ ಎಷ್ಟು ಸುತ್ತಿಕೊಂಡು ಹೋಗಬೇಕು ಗೊತ್ತಾ? ಕಾರಿನವರ ವೇಗಕ್ಕೆ ನಮಗ್ಯಾಕೆ ಶಿಕ್ಷೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಆ ನಿಷೇಧ ಬೇಕಿತ್ತು ಅಂತಲೇ ಹೇಳುತ್ತೇನೆ. ಒಂದೇ ಪಥದಲ್ಲಿ ಒಬ್ಬರು 40ರಲ್ಲಿ, ಒಬ್ಬರು 100ರಲ್ಲಿ ಹೋದರೆ ಹಿಂದಿನವರಿಗೆ ಅಂದಾಜು ಸಿಗುವುದಿಲ್ಲ, ಬೈಕಿನಲ್ಲಿ ಇರುವವರಿಗೆ ಮೈ ಮೇಲೆ ತಗಡೂ ಇಲ್ಲ. ಆದರೆ ಬರಬೇಡಿ ಅಂತ ಬೋರ್ಡ್ ಹಾಕಿದರೆ ಕೆಲಸ ಮುಗಿಯಲ್ಲ. ಹಳ್ಳಿಯವರಿಗೆ ದಾಟೋಕೆ ಹತ್ತಿರದಲ್ಲೇ ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಕೊಡಬೇಕು, ಸರ್ವಿಸ್ ರಸ್ತೆ ಮಧ್ಯೆ ಎಲ್ಲೂ ತುಂಡಾಗಬಾರದು. ಒಂದು ಕಿಲೋಮೀಟರ್ ಸುತ್ತಬೇಕು ಅಂದರೆ ಜನ ಬೇಲಿ ಕತ್ತರಿಸಿ ನುಗ್ಗುತ್ತಾರೆ, ಅದು ಅವರ ಹಟ ಅಲ್ಲ, ನಕ್ಷೆ ಬರೆದವರ ತಪ್ಪು. ನಿಮ್ಮೂರ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಬರೆದುಕೊಂಡು ಪಂಚಾಯ್ತಿಯಿಂದ ಹೆದ್ದಾರಿ ಪ್ರಾಧಿಕಾರಕ್ಕೆ ಅರ್ಜಿ ಕೊಡಿಸಿ. ಬೇಲಿ ಕಿತ್ತಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಅಪ್ಪನವರಿಗೆ ದಯವಿಟ್ಟು ಹೇಳಿ, ಡಿವೈಡರ್ ಹತ್ತಿ ಮಾತ್ರ ದಾಟಬೇಡಿ ಅಂತ.

ಮೊದಲಿನವರು: ಆ ಬ್ರೇಕಿನ ಲೆಕ್ಕ ನಾನು ಹಾಕೇ ಇರಲಿಲ್ಲ ಸರ್. ಮಳೆ ಬಂದಾಗ ಎಷ್ಟರಲ್ಲಿ ಹೋಗಬೇಕು?

ಉತ್ತರ: 100 ಅನ್ನುವುದು ಮಿತಿ, ಗುರಿ ಅಲ್ಲ. ಮಳೆಯಲ್ಲಿ 70 ಸಾಕು, ಜೋರಾದರೆ ಇನ್ನೂ ಇಳಿಸಿ. ಉದ್ಘಾಟನೆಯಾದ ತಿಂಗಳೇ, 2023ರ ಮಾರ್ಚ್‌ನಲ್ಲಿ, ರಾಮನಗರದ ಹತ್ತಿರ ನೀರು ನಿಂತಿತ್ತಲ್ಲ, ಅಂಥ ಕಡೆ ವೇಗವಾಗಿ ನುಗ್ಗಿದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಮಾತು ಕೇಳಲ್ಲ. ಹಿಂದಿನ ಸೀಟಿನವರಿಗೂ ಬೆಲ್ಟ್ ಹಾಕಿಸಿ.