ಸಹಾಯ ಬೇಕು: ದಾನಪತ್ರದಲ್ಲಿ ಮಾತನಾಡುವುದು ಅರಸನೋ, ಲಿಪಿಕಾರನೋ?

ನಮಸ್ಕಾರ. ಆಂಗ್ಲೋ-ಸ್ಯಾಕ್ಸನ್ ಅರಸರ, ಅಂದರೆ ನಾರ್ಮನ್ನರಿಗೂ ಮುಂಚೆ ಇಂಗ್ಲೆಂಡನ್ನು ಆಳಿದವರ, ದಾನಪತ್ರಗಳನ್ನು ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಯವಿಟ್ಟು ನೆರವಾಗಿ.

ಏಥೆಲ್‌ಸ್ಟಾನ್ ದೊರೆಯ 928ರಿಂದ 935ರವರೆಗಿನ ಹಲವು ದಾನಪತ್ರಗಳು ಒಬ್ಬನೇ ಲಿಪಿಕಾರನ ರಚನೆ ಎನ್ನುತ್ತಾರೆ. ಅವನ ಹೆಸರು ಗೊತ್ತಿಲ್ಲದ ಕಾರಣ ವಿದ್ವಾಂಸರು ‘ಏಥೆಲ್‌ಸ್ಟಾನ್ ಎ’ ಎಂದು ಕರೆಯುತ್ತಾರೆ. ಅವನದು ತಿಣುಕಿ ತಿಣುಕಿ ಓದಬೇಕಾದ ಆಡಂಬರದ ಲ್ಯಾಟಿನ್. ಸಾಕ್ಷಿಗಳ ಸಾಲಿನಲ್ಲಿ ವೇಲ್ಸಿನ ಹೈವೆಲ್ ‘ಸುಬ್‌ರೆಗುಲಸ್’, ಅಂದರೆ ಅಧೀನ ಅರಸ. ತನ್ನ ನಾಡಿನಲ್ಲಿ ದೊರೆಯಾಗಿದ್ದವನು ಇಲ್ಲಿ ಒಂದೇ ಪದದಲ್ಲಿ ಕೆಳಗಿಳಿದ! ಆ ಪದ ಆರಿಸಿದ್ದು ಅರಸನೋ, ಲಿಪಿಕಾರನೋ?

ಹೀಗೆ ಪದದಲ್ಲೇ ಅರಸರನ್ನು ಏರಿಳಿಸುವುದು ಹಳೆಯ ಚಾಳಿಯೂ ಹೌದು. 736ರ ಇಸ್ಮಿಯರ್ ದಾನಪತ್ರದ ಆರಂಭದಲ್ಲಿ ಮರ್ಸಿಯಾದ (ಇಂಗ್ಲೆಂಡಿನ ನಡುಭಾಗದ ಹಳೆಯ ರಾಜ್ಯ) ಏಥೆಲ್‌ಬಾಲ್ಡ್ ಮರ್ಸಿಯನ್ನರ ಮತ್ತು ದಕ್ಷಿಣ ಆಂಗ್ಲರ ಅರಸ. ಸಾಕ್ಷಿಪಟ್ಟಿಗೆ ಬರುವಷ್ಟರಲ್ಲಿ ‘ಬ್ರಿಟನ್ನಿನ ಅರಸ’. ಒಂದೇ ಹಾಳೆಯಲ್ಲಿ ಇಷ್ಟು ಬಡ್ತಿ!

ಇನ್ನೊಂದು ಪ್ರಶ್ನೆ. ಏಥೆಲ್‌ಸ್ಟಾನನ ದಾನಪತ್ರಗಳಲ್ಲಿ ಹೊಗಳಿಕೆ ಲ್ಯಾಟಿನ್‌ನಲ್ಲಿದ್ದರೂ ಜಮೀನಿನ ಎಲ್ಲೆಯ ವಿವರ ಹಳೆಯ ಇಂಗ್ಲಿಷಿನಲ್ಲಿದೆ. ನಮ್ಮ ಗಂಗರ ತಾಮ್ರಪಟಗಳಲ್ಲೂ ಪ್ರಶಸ್ತಿ, ಅಂದರೆ ಅರಸನ ಹೊಗಳಿಕೆ, ಸಂಸ್ಕೃತದಲ್ಲಿ, ಎಲ್ಲೆ ಕನ್ನಡದಲ್ಲಿ ಇರುವುದುಂಟಲ್ಲ! ಈ ಎರಡನ್ನೂ ಜೊತೆಗಿಟ್ಟು ಯಾರಾದರೂ ಬರೆದಿದ್ದಾರೆಯೇ? ಶಾಸನ ಓದುವವರು ತಿಳಿಸಿದರೆ ಉಪಕಾರವಾಗುತ್ತದೆ. ಲ್ಯಾಟಿನ್ ಬಲ್ಲವರಿದ್ದರೆ ಒಂದೆರಡು ಸಾಲು ಬಿಡಿಸಿಕೊಡುವಂತೆಯೂ ಪೀಡಿಸುತ್ತೇನೆ.